ಉಡಿಗೆ ಬಿದ್ದ ಸ್ವಿಟ್ಜರ್ಲೆಂಡಿನ ಹುಡುಗಿ

ಆ ಶುಕ್ರವಾರ ಮಧ್ಯಾಹ್ನ ಯಾದಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದೆವು. ನಾನು, ನನ್ನ ಹೆಂಡತಿ ಮಹಾದೇವಿ, ಸುರಪುರದಿಂದ ಬಂದಿದ್ದ ಅವಳ ಅಕ್ಕ ಗಂಗಮ್ಮ, ಗೋಗಿಯಿಂದ ಬಂದಿದ್ದ ಅವಳ ಚಿಕ್ಕಮ್ಮನ ಮಗಳು ನಾಗಮ್ಮ. ಹೆಣ್ಣುಮಕ್ಕಳು ಮೂವರೂ ಬೆಳಿಗ್ಗೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಬಂದು, ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡಿದ್ದರು. ನೋಡುವವರಿಗೆ ನಾಲ್ಕೇ ಜನ. ಆದರೆ ಐದನೆಯವಳೊಬ್ಬಳಿದ್ದಳು. ಜಡೆ ಹೆಣೆದುಕೊಂಡು, ಬೆಟ್ಟಗಳಿಗೆ ಬೆನ್ನು ಹಾಕಿ ನಿಂತ ಸ್ವಿಟ್ಜರ್ಲೆಂಡಿನ ಹುಡುಗಿ. ಅವಳು ನನ್ನ ಅಂಗಿಯ ಜೇಬಿನಲ್ಲಿದ್ದಳು!

ಗಾಬರಿಯಾಗಬೇಡಿ. ಅವಳೊಂದು ಬಂಗಾರದ ನಾಣ್ಯ.

ನಾನು ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕಣ್ಣು ಟಿಕೆಟಿನ ಮೇಲೆ, ಬಾಯಿ ಫುಟ್‌ಬೋರ್ಡಿನವರ ಮೇಲೆ, ಕೈ ಚಿಲ್ಲರೆ ಚೀಲದ ಒಳಗೆ. ಯಾವುದು ಎಂಟಾಣೆ, ಯಾವುದು ರೂಪಾಯಿ, ಯಾವುದು ಖೋಟಾ ಎಂದು ನನ್ನ ಬೆರಳುಗಳು ನೋಡದೆಯೇ ಹೇಳುತ್ತಿದ್ದವು. ಕತ್ತಲಲ್ಲಿ ಕೂಡ ನಾನು ಯಾರಿಗೂ ತಪ್ಪು ಚಿಲ್ಲರೆ ಕೊಟ್ಟವನಲ್ಲ. ಈ ಬೆರಳುಗಳ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇತ್ತು. ಇತ್ತು ಎಂಬ ಮಾತನ್ನು ದಯವಿಟ್ಟು ಗಮನಿಸಿ.

ನಾಣ್ಯ ಕೂಡಿಡುವ ಚಟ ಆ ಚೀಲದಿಂದಲೇ ಹತ್ತಿತು. ಮೊದಲು ನಿಜಾಮರ ಕಾಲದ ತಾಮ್ರದ ಬಿಲ್ಲೆಗಳು, ಆಮೇಲೆ ಬೆಳ್ಳಿ. ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಹೈದರಾಬಾದಿನ ಒಬ್ಬ ಮುದುಕ ವ್ಯಾಪಾರಿ ನನ್ನನ್ನು ಯುರೋಪಿಗೆ ಕಳಿಸಿಬಿಟ್ಟ. ಅಂದರೆ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿಯೇ ಕಳಿಸಿದ. ಮೊದಲ ಮಹಾಯುದ್ಧ ಮುಗಿದ ಮೇಲೆ, ಎರಡನೆಯದು ಶುರುವಾಗುವ ಮೊದಲು, ಅಲ್ಲಿನ ಕೆಲವು ದೇಶಗಳು ಬಂಗಾರದ ನಾಣ್ಯ ಹೊಡೆದವು. ಆಮೇಲೆ ಆ ವೈಭವ ಮುಗಿದೇ ಹೋಯಿತು. ಎರಡು ಜಗಳಗಳ ನಡುವೆ ಸ್ವಲ್ಪ ಉಸಿರು ಬಿಟ್ಟ ಕಾಲ. ನಮ್ಮ ಮನೆಯಲ್ಲಿ ಬೆಳಗಿನ ಚಹಾ ಮುಗಿದು ಮಧ್ಯಾಹ್ನದ ಊಟಕ್ಕೆ ಕೂರುವವರೆಗೆ ಅಂಥದೊಂದು ಕಾಲ ಇರುತ್ತದೆ. ಅದಕ್ಕೇ ಇರಬೇಕು, ಆ ನಾಣ್ಯಗಳ ಮೇಲೆ ನನಗೆ ಜೀವ.

ನನ್ನ ಹತ್ತಿರ ಮೂರಿದ್ದವು. ಹಾಲೆಂಡಿನ ಮಹಾರಾಣಿ ಒಬ್ಬಳು. ಜೆಕ್ ದೇಶದ ಬಾವುಟ ಹಿಡಿದ ಸಂತ ಒಬ್ಬ. ಮೂರನೆಯವಳು ಈ ಸ್ವಿಟ್ಜರ್ಲೆಂಡಿನ ಹುಡುಗಿ. ಅವಳ ಬೆನ್ನ ಮೇಲೆ ೧೯೨೬ ಎಂಬ ಇಸವಿ. ಉಳಿದ ಇಸವಿಯವು ರಾಶಿ ರಾಶಿ ಸಿಗುತ್ತವೆ, ಈ ಇಸವಿಯದು ಮಾತ್ರ ಅಪರೂಪ ಎಂದು ಮುದುಕ ಪ್ರಮಾಣ ಮಾಡಿ ಹೇಳಿದ್ದ. ಅವಳಿಗಾಗಿ ನಾನು ನಾಲ್ಕು ವರ್ಷ ಕಾದಿದ್ದೆ.

ಇದೆಲ್ಲ ಮಹಾದೇವಿಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆಯೂ ಇರಲಿಲ್ಲ. ನಿವೃತ್ತಿಯ ಹಣದಲ್ಲಿ ನಿನಗೊಂದು ಜೊತೆ ಪಾಟ್ಲಿ ಬಳೆ ಮಾಡಿಸುತ್ತೇನೆ ಎಂದು ನಾನು ಮದುವೆಯಾದ ಹೊಸದರಲ್ಲೇ ಮಾತು ಕೊಟ್ಟಿದ್ದೆ. ಹಣ ಬಂತು. ಪಾಟ್ಲಿ ಬರಲಿಲ್ಲ. ಅವಳು ಕೇಳಿದಾಗಲೆಲ್ಲ, "ಬಂಗಾರ ಭಾಳ ತುಟ್ಟಿ ಅದ, ತುಸು ಇಳೀಲಿ," ಎನ್ನುತ್ತಿದ್ದೆ. ಅದು ಇಳಿಯಲಿಲ್ಲ. ನಾನೇ ಇಳಿಯುತ್ತ ಬಂದೆ.

ಮಹಾರಾಣಿಯನ್ನೂ ಸಂತನನ್ನೂ ಶೇವಿಂಗ್ ಡಬ್ಬಿಯ ತಳದಲ್ಲಿ ಇಟ್ಟಿದ್ದೆ. ಹುಡುಗಿಯನ್ನು ಮಾತ್ರ ನನ್ನ ಹಳೆಯ ಕಂಡಕ್ಟರ್ ಚೀಲದ ಒಳಪದರಿನಲ್ಲಿ ಮಲಗಿಸಿದ್ದೆ. ಆ ಶುಕ್ರವಾರ ಅಕ್ಕ ತಂಗಿಯರು ಬರುತ್ತಾರೆಂದು ನಸುಕಿನಲ್ಲೇ ಮನೆ ಝಾಡಿಸುತ್ತಿದ್ದ ಮಹಾದೇವಿ, "ಈ ಚೀಲಕ್ಕ ಬೂಜು ಬಂದದ, ಗುಜರಿಯವಗ ಹಾಕ್ತೀನಿ," ಎಂದು ಅದನ್ನು ಎತ್ತಿಯೇ ಬಿಟ್ಟಳು. ನಾನು ಹಾರಿ ಹೋಗಿ ಕಸಿದುಕೊಂಡೆ. ಹುಡುಗಿಯನ್ನು ಹೊರತೆಗೆದು ಎಲ್ಲಿಡಲಿ ಎಂದು ಯೋಚಿಸಿದಾಗ ಒಂದು ಮಹತ್ತರವಾದ ಉಪಾಯ ಹೊಳೆಯಿತು. ನಮ್ಮ ಹಳದಿ ಐದು ರೂಪಾಯಿ ನಾಣ್ಯ ಇದೆಯಲ್ಲ, ಅದೂ ಇವಳೂ ಹೆಚ್ಚುಕಡಿಮೆ ಒಂದೇ ಬಣ್ಣ, ಒಂದೇ ಗಾತ್ರ, ತೂಕವೂ ಅಷ್ಟೇ. ಜೇಬಿನಲ್ಲಿ ಐದು ಐದರ ನಾಣ್ಯಗಳಿದ್ದವು. ಅವುಗಳ ನಡುವೆ ಇವಳನ್ನು ಬಿಟ್ಟೆ. ಯಾವ ಕಳ್ಳನಿಗೂ ಗೊತ್ತಾಗಬಾರದು!

ನಮ್ಮ ಅಜ್ಜಿ ಹೇಳುತ್ತಿದ್ದಳು, "ಭಾಳ ಶಾಣ್ಯಾ ಆದವ ಮೂರು ಕಡಿ ತುಳೀತಾನ." ಏನನ್ನು ತುಳಿಯುತ್ತಾನೆ ಎಂದು ಆಕೆ ಬಿಡಿಸಿಯೇ ಹೇಳುತ್ತಿದ್ದಳು. ನಾನು ಹೇಳುವುದಿಲ್ಲ.

ಹೊರಡುವ ಹೊತ್ತಾಯಿತು. ಹೆಣ್ಣುಮಕ್ಕಳು ಮನೆಗೆ ಬಂದರೆ ಉಡಿ ತುಂಬದೆ ಕಳಿಸುವುದು ನಮ್ಮಲ್ಲಿ ಉಂಟೆ? ಮಹಾದೇವಿ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ರವಿಕೆಗೆಂದು ಕುಬಸದ ಕಣ ಎಲ್ಲ ಹಾಕಿದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

"ರೀ, ಎರಡು ನಾಣ್ಯ ಕೊಡ್ರಿ. ಹೊಳಿಯೂವು ಕೊಡ್ರಿ ಮತ್ತ."

"ನೋಡದs ಕೊಡ್ತೀನಿ ನೋಡು. ಕಂಡಕ್ಟರ್ ಕೈ ಇದು!" ಎಂದೆ. ಕಣ್ಣು ಮುಚ್ಚಿದೆ. ಜೇಬಿಗೆ ಕೈ ಹಾಕಿದೆ. ಎರಡು ಬೆರಳಲ್ಲಿ ಎರಡು ನಾಣ್ಯ ಎತ್ತಿ ಕೊಟ್ಟೆ. ನಾಗಮ್ಮ ನಕ್ಕಳು. ಮಹಾದೇವಿ ಒಂದನ್ನು ಅಕ್ಕನ ಉಡಿಗೂ ಒಂದನ್ನು ತಂಗಿಯ ಉಡಿಗೂ ಹಾಕಿದಳು. ಅವರು ಗಂಟು ಕಟ್ಟಿಕೊಂಡರು. ನಾನೇ ಬಸ್ ನಿಲ್ದಾಣಕ್ಕೆ ಹೋಗಿ, ಇಬ್ಬರಿಗೂ ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟು, ಕೈ ಬೀಸಿ ಬಂದೆ.

ಸಂಜೆ ಜೇಬು ಖಾಲಿ ಮಾಡಿದೆ. ನಾಲ್ಕು ನಾಣ್ಯಗಳಿದ್ದವು. ಒಂದನ್ನು ತಿರುಗಿಸಿದೆ, ಸಿಂಹ. ಇನ್ನೊಂದು, ಸಿಂಹ. ಮೂರನೆಯದು, ಸಿಂಹ. ನಾಲ್ಕನೆಯದನ್ನು ತಿರುಗಿಸುವಾಗ ನಾನು ಮನೆದೇವರನ್ನು ನೆನೆದೆ.

ಸಿಂಹ!

ಈಗ ನನ್ನ ಕಷ್ಟ ಕೇಳಿ. ಉಡಿಗೆ ಹಾಕಿದ್ದನ್ನು ತಿರುಗಿ ಕೇಳುವಂತಿಲ್ಲ. ಕೊಟ್ಟ ಮಗಳನ್ನು ವಾಪಸು ಕೇಳಿದಷ್ಟೇ ಅಶುಭ. ಹೆಂಡತಿಗೆ ಹೇಳುವಂತಿಲ್ಲ, ಹೇಳಿದರೆ ಪಾಟ್ಲಿಯ ಮಾತು ಬರುತ್ತದೆ. ಹುಡುಗಿ ಇಬ್ಬರಲ್ಲಿ ಯಾರ ಉಡಿಯಲ್ಲಿದ್ದಾಳೆ ಎಂಬುದೂ ಗೊತ್ತಿಲ್ಲ. ಕೇಳದೆ ಪಡೆಯಬೇಕು, ಹೇಳದೆ ಹೋಗಬೇಕು. "ಪಿಂಚಣಿ ಕಾಗದದ ಕೆಲಸ ಅದ, ಶಹಾಪುರಕ್ಕ ಹೋಗಿ ಬರ್ತೀನಿ," ಎಂದು ಮರುದಿನ ಬೆಳಿಗ್ಗೆ ಹೊರಟೆ.

ಜೇಬಿನಲ್ಲಿ ಒಂದು ಹೊಸ ಹೊಳೆಯುವ ಐದು ರೂಪಾಯಿ. ಅದಲು ಬದಲು ಮಾಡುವುದಕ್ಕೆ! ತಿರುಗಿ ಕೇಳಿದಂತಾಗಬಾರದು, ಬದಲಿಸಿದಂತಾಗಬೇಕು. ಶಾಸ್ತ್ರಕ್ಕೂ ಸಮ್ಮತ.

ಶಹಾಪುರದವರೆಗೆ ನಿಂತುಕೊಂಡೇ ಹೋದೆ. ಅಲ್ಲಿಂದ ಗೋಗಿಗೆ ಆಟೋದಲ್ಲಿ ಹನ್ನೊಂದು ಜನ. ನನ್ನ ಒಂದು ಮೊಣಕಾಲು ಮಾತ್ರ ಒಳಗಿತ್ತು, ಅದೂ ನೋವಿನ ಮೊಣಕಾಲು. ಬಿಸಿಲು ಹಂಚಿನ ಮೇಲಿನ ರೊಟ್ಟಿಯ ಹಾಗೆ ನಮ್ಮನ್ನು ಎರಡೂ ಕಡೆ ಬೇಯಿಸಿತು. ಇಳಿದಾಗ ನಾಗಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

"ಅಯ್ಯ, ಮಾಮಾ! ನಿನ್ನಿ ನೋಡೀವಿ, ಇವತ್ತ ಮತ್ತ ಬಂದೀರಿ? ಅಕ್ಕ ಆರಾಮ ಇದ್ದಾಳಿಲ್ಲೋ?"

"ಆರಾಮ ಇದ್ದಾಳವ್ವ. ಪಿಂಚಣಿ ಆಫೀಸಿಗೆ ಬಂದಿದ್ದೆ, ಹಂಗs ಹಾಯ್ದು ಹೋಗಬೇಕಂತ..."

"ಇವತ್ತ ಎರಡನೇ ಶನಿವಾರ ಅಲ್ಲೇನ್ರಿ? ಆಫೀಸ ಬಂದ್ ಇರ್ತಾವಲ್ಲ?"

ಮೂವತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ರಜೆಯ ದಿನ ನೆನಪಿರಲಿಲ್ಲ! ನೇರ ವಿಷಯಕ್ಕೆ ಬಂದೆ.

"ನಾಗವ್ವ, ಏನಿಲ್ಲ, ಖೋಟಾ ಐದ್ ರೂಪಾಯಿ ಎಲ್ಲಾ ಕಡಿ ಬಂದಾವಂತ. ನಿನ್ನಿ ಉಡ್ಯಾಗ ಹಾಕಿದ್ದು ಅಂಥಾದ್ದs ಇರಬೇಕಂತ ನನಗ ಸಂಶಯ. ತೋರಸು, ಬದಲ ಮಾಡಿ ಕೊಡ್ತೀನಿ."

ಅವಳ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಬಿತ್ತು.

"ನನ್ನ ಉಡಿಗೆ ಖೋಟಾ ರೊಕ್ಕ ಹಾಕೀರಿ?"

"ಹಂಗಲ್ಲವ್ವ, ಇರಬೇಕಂತ..."

ಅವಳು ಒಳಗೆ ಹೋಗಿ ದೇವರ ಜಗಲಿಯಿಂದ ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಅಕ್ಕಿಯೊಳಗಿಂದ ನಾಣ್ಯ ಹೊಳೆಯಿತು. ನಾನು ಎತ್ತಿ ತಿರುಗಿಸಿದೆ. ಸಿಂಹ ನನ್ನನ್ನೇ ನೋಡುತ್ತಿತ್ತು.

"ಅಸಲೀನs ಅದ," ಎಂದೆ.

"ಅಸಲಿ ಇದ್ರ ಖುಷಿ ಆಗಬೇಕಲ್ರಿ? ನಿಮ್ಮ ಮಾರಿ ಯಾಕ ಹಂಗ ಬಿತ್ತು?"

"ಬಿಸಲವ್ವ, ಬಿಸಲು."

"ಐದ್ ರೂಪಾಯಿ ಸಲವಾಗಿ ಯಾದಗಿರಿಯಿಂದ ಬಂದ್ರ್ಯಾ ಮಾಮಾ? ಬಸ್ಸಿಗೆ ಎಷ್ಟಾತು, ಆಟೋಕ ಎಷ್ಟಾತು! ತಗೊಂಡು ಹೋಗ್ರಿ ನಿಮ್ಮ ರೊಕ್ಕ!"

"ಛೇ, ಉಡೀದು ಹೊಳ್ಳಿ ತಗೋಬಾರದವ್ವ!"

"ಹೊಳ್ಳಿ ಕೇಳಾಕ ಬಂದವರು ಯಾರು? ನಾನಾ?"

ನಾನು ಜೇಬಿನಲ್ಲಿದ್ದ ಹೊಸ ಐದನ್ನೂ ಅವಳ ಅಕ್ಕಿಯ ಮೇಲೆ ಇಟ್ಟು, ಕೈ ಮುಗಿದು, ಓಡಿದೆ. ಐದು ತರಲು ಹೋದವನು ಐದು ಕೊಟ್ಟು ಬಂದೆ.

ಶಹಾಪುರದ ಬಸ್ ನಿಲ್ದಾಣ ಮುಟ್ಟಿದ ಕೂಡಲೇ ಫೋನು ಬಡಿದುಕೊಂಡಿತು. ಮಹಾದೇವಿ.

"ಎಲ್ಲಿದ್ದೀರಿ?"

"ಶಹಾಪುರದಾಗ. ಆಫೀಸಿನಾಗ ಭಾಳ ಗದ್ದಲ ಅದ."

"ಪಿಂಚಣಿ ಆಫೀಸ ಗೋಗಿಗೆ ಹೋಗ್ಯದೇನು?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಾಗಿ ಅಳಾಕತ್ತ್ಯಾಳ. ಅಕ್ಕನ ಗಂಡಗ ಹುಚ್ಚ ಹಿಡದದ, ಉಡೀ ರೊಕ್ಕ ವಸೂಲಿ ಮಾಡಾಕ ಊರೂರು ತಿರುಗಾಕತ್ತ್ಯಾನ ಅಂತ ಓಣಿ ತುಂಬ ಸುದ್ದಿ ಆಗ್ಯದಂತ. ನನ್ನ ತವರಿನಾಗ ನನ್ನ ಇಜ್ಜತ್ ಏನು ಉಳೀತು? ಸೀದಾ ಮನಿಗೆ ಬರ್ರಿ!"

"ಬಂದೆ," ಎಂದೆ. ಎದುರಿಗೆ ಸುರಪುರದ ಬಸ್ಸು ನಿಂತಿತ್ತು. ಅದನ್ನು ಹತ್ತಿದೆ. ಹಾಳಾಗುವುದು ಎಂದಾದ ಮೇಲೆ ಅರ್ಧಕ್ಕೆ ಯಾಕೆ ನಿಲ್ಲಬೇಕು? ಈ ಸಲ ಸೀಟು ಸಿಕ್ಕಿತು. ಕೂತ ಕೂಡಲೇ ನಿದ್ದೆ ಹತ್ತಿತು. ಎಷ್ಟೋ ವರ್ಷ ಜನರನ್ನು ಎಬ್ಬಿಸಿ ಇಳಿಸಿದವನನ್ನು ಸುರಪುರದಲ್ಲಿ ಯಾರೋ ಎಬ್ಬಿಸಿ ಇಳಿಸಿದರು.

ಗಂಗಮ್ಮನ ಮನೆ ಗುಡ್ಡದ ಬುಡದಲ್ಲಿದೆ, ಏರು ಓಣಿ. ಏರುತ್ತ ಏರುತ್ತ ಮಾತು ತಿದ್ದಿಕೊಂಡೆ. ಖೋಟಾ ಎಂಬ ಶಬ್ದವೇ ಬೇಡ. ಬಸ್ಸಿನ ಚಿಲ್ಲರೆಯಲ್ಲಿ ಬಂದ ಐದು ರೂಪಾಯಿ ತೋರಿಸಿ, ಮಠದಲ್ಲಿ ಪೂಜೆ ಮಾಡಿಸಿದ ಬೇರೆ ನಾಣ್ಯ ತಂದಿದ್ದೇನೆ, ಅದನ್ನು ಇಟ್ಟುಕೊಂಡು ಇದನ್ನು ಕೊಡಿ ಎನ್ನುವುದು. ಸುಳ್ಳು ಸ್ವಲ್ಪ ಪವಿತ್ರವಾಗಿತ್ತು.

ಬಾಗಿಲಲ್ಲೇ ಗಂಗಮ್ಮ ನಿಂತಿದ್ದರು.

"ಬಂದ್ರ್ಯಾ ಬಸಣ್ಣಾವ್ರ? ನೀವು ಬರ್ತೀರಂತ ನನ್ನ ಮನಸ ಹೇಳ್ತಿತ್ತು ನೋಡ್ರಿ. ಕಾಲಿಗೆ ನೀರು ತಗೋರಿ. ಮೊದಲ ಉಣ್ರಿ."

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಬಂದವು. ಬೆಳಗಿನಿಂದ ನೀರೂ ಕುಡಿಯದವನು, ಎರಡು ರೊಟ್ಟಿ ಮುರಿದ ಮೇಲೆ ಧೈರ್ಯ ತಂದುಕೊಂಡೆ.

"ಅಕ್ಕಾರ, ನಿನ್ನಿ ಉಡ್ಯಾಗ ಹಾಕಿದ ಆ ನಾಣ್ಯ..."

"ಹೇಳಬ್ಯಾಡ್ರಿ!" ಅವರು ಕೈ ಅಡ್ಡ ಹಿಡಿದರು. "ಕೊಟ್ಟಿದ್ದು ಬಾಯಿಲೆ ಹೇಳಬಾರದು. ಪುಣ್ಯ ಕರಗತದ."

ಹಾಗೆಂದು ಸೆರಗು ಸ್ವಲ್ಪ ಸರಿಸಿ, ಕೊರಳಿನ ಕರಿಮಣಿ ಸರ ಹೊರಗೆ ಎಳೆದರು. ಸರದ ನಟ್ಟನಡುವೆ ಅವಳು ಇದ್ದಳು. ಸ್ವಿಟ್ಜರ್ಲೆಂಡಿನ ಹುಡುಗಿ. ತಲೆಯ ಮೇಲೆ ಒಂದು ಕೊಂಡಿ!

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟೆ. ನಾಣ್ಯ ಕೂಡಿಡುವವರ ಶಾಸ್ತ್ರ ನಿಮಗೆ ಗೊತ್ತಿರಲಿಕ್ಕಿಲ್ಲ. ನಾಣ್ಯವನ್ನು ತೊಳೆಯಬಾರದು. ಒರೆಸಬಾರದು. ಮುಖ ಮುಟ್ಟದೆ ಅಂಚನ್ನಷ್ಟೇ ಹಿಡಿಯಬೇಕು. ಕೊಂಡಿ ಬೆಸೆದ ನಾಣ್ಯ ಆಮೇಲೆ ನಾಣ್ಯವಲ್ಲ, ಬರಿ ಬಂಗಾರ.

"ಮುಂಜಾನೆನs ಪತ್ತಾರನ ಕಡಿ ಹೋಗಿದ್ದೆ," ಎಂದರು ಗಂಗಮ್ಮ. "ನಮ್ಮ ಇವರು, ಹಿತ್ತಾಳಿ ಇರಬೇಕು ನೋಡ ಅಂದಿದ್ರು. ಪತ್ತಾರ ಒರಿಗಲ್ಲಿಗೆ ಹಚ್ಚಿ ನೋಡಿದ. ಅಕ್ಕಾರ, ಅಸಲಿ ಬಂಗಾರ, ಯಾರು ಕೊಟ್ರು ಅಂದ. ನಮ್ಮ ತಂಗಿ ಗಂಡ ಅಂದೆ."

"ಹೂಂ," ಎಂದೆ.

"ತುಸು ಮಾಸಿತ್ತು. ಹುಣಸಿಹುಳಿ ಹಚ್ಚಿ ತಿಕ್ಕೀನಿ."

"ಹೂಂ."

"ಅಂಚಿಗಿ ಏನೋ ಚುಕ್ಕಿ ಚುಕ್ಕಿ ಇದ್ದೂವು, ಕೊಳ್ಳಿಗೆ ಚುಚ್ಚತಾವಂತ ಅರದು ನುಣ್ಣಗ ಮಾಡಿಸೀನಿ."

ನಾನು ಹೂಂ ಎನ್ನಲಿಲ್ಲ.  ಬೆನ್ನೂ ಕಾಣಲೆಂದು ಅವರೇ ನಾಣ್ಯ ತಿರುಗಿಸಿ ತೋರಿಸಿದರು. ಬೆಸುಗೆಯ ಹನಿ ಸರಿಯಾಗಿ ಇಸವಿಯ ಕೊನೆಯ ಅಂಕಿಯ ಮೇಲೆ ಕೂತಿತ್ತು. ಯಾವುದಕ್ಕಾಗಿ ನಾಲ್ಕು ವರ್ಷ ಕಾದಿದ್ದೆನೋ ಆ ಆರು, ಪತ್ತಾರನ ಒಂದು ಊದಿಗೆ ಮಾಯ!

ಗಂಗಮ್ಮ ನನ್ನ ಎದುರು ಕೂತರು. ದನಿ ತಗ್ಗಿಸಿದರು.

"ಮೂರು ಹೆಣ್ಣುಮಕ್ಕಳ ಲಗ್ನ ಆತ್ರಿ. ಒಂದೊಂದು ಲಗ್ನಕ್ಕ ಒಂದೊಂದು ಬಂಗಾರದ ಸರ ಕೊಳ್ಳಿಂದ ಇಳೀತು. ಈಗ ಎಂಟು ವರ್ಷ ಆತು, ಎಲ್ಲಿ ಹೋದ್ರೂ ಸೆರಗ ಬಿಗಿ ಹಿಡಕೊಂಡs ಕೂಡ್ತೀನಿ. ನಿನ್ನಿ ಮಠದಾಗೂ ಹಂಗs ಕುಂತಿದ್ದೆ. ಇಷ್ಟು ಸೆಕಿಯಾಗ ಯಾಕ ಹಂಗ ಹೊತಗೊಂಡಿ ಅಂತ ಮಾದೇವಿ ಸೈತ ಕೇಳಿದಳು. ನನ್ನ ಒಡಹುಟ್ಟಿದಾಕಿಗೇ ತಿಳೀಲಿಲ್ಲ. ನೀವು ನೋಡಿದ್ರಿ. ನೋಡಿ, ಒಂದು ಮಾತು ಆಡದs, ಕಣ್ಣು ಮುಚ್ಚಿ ಕೊಟ್ರಿ."

ಕಣ್ಣು ಮುಚ್ಚಿ ಕೊಟ್ಟಿದ್ದಂತೂ ನಿಜ. ಅದೊಂದೇ ನಿಜ. ಸಂತನ ಬಾವುಟದಲ್ಲಿ ಎಷ್ಟು ನೆರಿಗೆಗಳಿವೆ ಎಂದು ಭೂತಗನ್ನಡಿ ಹಿಡಿದು ಎಣಿಸಿದ ನಾನು, ಎಂಟು ವರ್ಷದಿಂದ ಎದುರಿಗೆ ಕೂತು ಉಣಬಡಿಸುವ ಈ ತಾಯಿಯ ಕೊರಳನ್ನು ಒಮ್ಮೆಯೂ ನೋಡಿರಲಿಲ್ಲ.

"ಚಂದ ಕಾಣತದ್ರಿ ಅಕ್ಕಾರ," ಎಂದೆ.

"ಯಾವ ದೇವಿರಿ ಇಕಿ? ಜಡಿ ಹಾಕ್ಯಾಳ, ಗುಡ್ಡದಾಗ ನಿಂತಾಳ."

"ಆ ಕಡಿ ಊರಾಕಿ. ದೂರದಾಕಿ."

"ಶಕ್ತಿವಂತಳು ಇರಬೇಕು. ಮಾದೇವಿಗೂ ಆಗಲೇ ಫೋನ್ ಮಾಡಿ ಹೇಳಿದೆ. ನಿನ್ನ ಗಂಡ ಉಡ್ಯಾಗ ಬಂಗಾರ ಹಾಕ್ಯಾನವ್ವ, ಏಳು ಜನ್ಮಕ್ಕೂ ಅವನs ಸಿಗಲಿ ನಿನಗ ಅಂದೆ."

"ಏನಂದಳು?"

"ಏನೂ ಅನ್ನಲಿಲ್ರಿ. ಸಂತೋಷಕ್ಕ ಮಾತು ಹೊಂಟಿರಲಿಕ್ಕಿಲ್ಲ."

ಯಾದಗಿರಿಗೆ ತಿರುಗಿ ಬರುವ ದಾರಿ ಅಷ್ಟು ಬೇಗ ಮುಗಿಯಿತೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಬಸ್ಸು ಕೆಡಲಿ, ಟೈರು ಹೋಗಲಿ ಎಂದು ಬೇಡಿಕೊಂಡೆ. ನನ್ನ ನೌಕರಿಯ ಕಾಲದಲ್ಲಿ ದಿನ ಬಿಟ್ಟು ದಿನ ಕೆಡುತ್ತಿದ್ದ ಬಸ್ಸುಗಳು ಅವತ್ತು ವೇಳೆಗೆ ಮುಂಚೆ ಮುಟ್ಟಿದವು.

ಮಹಾದೇವಿ ಪಡಸಾಲೆಯ ನಡುವೆ ಕೂತಿದ್ದಳು. ಮುಂದೆ ಒಂದು ತಂಬಿಗೆ ನೀರು. ಕುಡಿಯಲಿಕ್ಕೋ ಎಸೆಯಲಿಕ್ಕೋ ತಿಳಿಯಲಿಲ್ಲ.

"ಕೂಡ್ರಿ. ಒಬ್ಬಾಕಿ ತಂಗಿ ಹತ್ರ ಐದ್ ರೂಪಾಯಿ ವಾಪಸ ಕೇಳಾಕ ಹೋಗ್ಯಾರ. ಒಬ್ಬಾಕಿ ಅಕ್ಕಗ ಬಂಗಾರ ಕೊಟ್ಟಾರ. ಎರಡೂ ಮಾಡಿದಾವ ಒಬ್ಬನs ಗಂಡ. ಇದು ಯಾವ ಲೆಕ್ಕರಿ?"

ನಾನು ಚಪ್ಪಲಿ ಬಿಟ್ಟು ಕೂತೆ.

"ನಾ ಪಾಟ್ಲಿ ಕೇಳಿದ್ರ ಬಂಗಾರ ತುಟ್ಟಿ. ಅಕ್ಕಗ ಹಾಕುವಾಗ ಸಸ್ತಾ ಆಗಿತ್ತೇನು?"

ನನ್ನ ಮುಂದೆ ಎರಡೇ ದಾರಿ. ತಿಳಿದೇ ಕೊಟ್ಟೆ ಎಂದರೆ, ನನಗೇಕೆ ಕೊಡಲಿಲ್ಲ ಎನ್ನುತ್ತಾಳೆ. ತಪ್ಪಿ ಕೊಟ್ಟೆ ಎಂದರೆ, ನಿಮ್ಮ ಹತ್ತಿರ ಅದು ಎಲ್ಲಿಂದ ಬಂತು ಎನ್ನುತ್ತಾಳೆ. ಎರಡೂ ದಾರಿ ಒಂದೇ ಬಾವಿಗೆ ಹೋಗುತ್ತಿದ್ದವು. ದಣಿದಿದ್ದೆ. ಸುಳ್ಳು ಹೇಳಲಿಕ್ಕೂ ಸ್ವಲ್ಪ ಶಕ್ತಿ ಬೇಕು. ಹೈದರಾಬಾದಿನ ಸ್ಟೂಲಿನಿಂದ ಹಿಡಿದು ಸುರಪುರದ ಹುಣಸೆಹುಳಿಯವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಅಕ್ಕ ಸೆರಗು ಬಿಗಿ ಹಿಡಿದುಕೊಂಡು ಕೂರುತ್ತಿದ್ದ ಕಾರಣವನ್ನೂ ಹೇಳಿದೆ.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ತಂಬಿಗೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಸೆಕಿಯಾಗ ಯಾಕ ಹೊತಗೊಂಡಿ ಅಂತ ನಾನs ಕೇಳಿದೆ ನೋಡ್ರಿ ಅಕಿಗೆ. ನನ್ನ ಬಾಯಿಗಿಷ್ಟು ಮಣ್ಣು ಹಾಕಲಿ."

"ಇರಲಿ ಬಿಡು."

"ತಪ್ಪಿ ಹಾಕಿದ್ದು ಅಂತ ಅಕ್ಕಗ ಎಂದಾರ ಹೇಳಿದ್ರಿ ಅಂದ್ರ, ಆ ನೋವಿಲ್ಲದ ಕಾಲೂ ಮುರೀತೀನಿ. ನೀವು ತಿಳಿದs ಕೊಟ್ಟೀರಿ. ತಿಳೀತೋ?"

"ತಿಳಿದs ಕೊಟ್ಟೀನಿ," ಎಂದೆ. ಮನಸ್ಸು ಎಷ್ಟು ಹಗುರಾಯಿತೆಂದರೆ, ಇಷ್ಟಕ್ಕೇ ಮುಗಿಯಿತು ಎಂದುಕೊಂಡುಬಿಟ್ಟೆ! ಆ ತಂಬಿಗೆಯನ್ನೇ ಎತ್ತಿ ಗಟಗಟ ನೀರು ಕುಡಿದೆ.

"ಹಂಗಾರ," ಎಂದಳು ಮಹಾದೇವಿ, "ಉಳಿದ ಇಬ್ಬರು ಎಲ್ಲಿ ಇದ್ದಾರ?"

ಶೇವಿಂಗ್ ಡಬ್ಬಿ ತಂದು ಮುಂದಿಟ್ಟೆ.

ಸೋಮವಾರ ಇಬ್ಬರೂ ನಮ್ಮ ಓಣಿಯ ಪತ್ತಾರನ ಹತ್ತಿರ ಹೋದೆವು. ಅವನು ಮಹಾರಾಣಿಯನ್ನೂ ಸಂತನನ್ನೂ ತಕ್ಕಡಿಗೆ ಹಾಕಿ, "ಕೊಂಡಿ ಹಚ್ಚಲ್ಯಾ, ಕರಗಸಲ್ಯಾ?" ಎಂದು ಕೇಳಿದ. ಕೊಂಡಿ ಹಚ್ಚಿದ ನಾಣ್ಯ ನಾಣ್ಯವೇ ಅಲ್ಲ ಎಂದು ಹತ್ತು ಜನಕ್ಕೆ ಪಾಠ ಹೇಳಿದ ನಾನು, ಕೈ ಮುಗಿದು, "ಕೊಂಡೀನs ಹಚ್ಚರಿ ಮಾರಾಯ್ರ," ಎಂದು ಬೇಡಿಕೊಂಡೆ.

"ಬ್ಯಾಡ, ಕರಗಸ್ರಿ," ಎಂದಳು ಮಹಾದೇವಿ. "ಕೊಳ್ಳಾಗ ಹಾಕ್ಕೊಂಡ್ರ ಇವರು ದಿನಾ ಭೂತಗನ್ನಡಿ ಹಿಡದು ನೋಡಾಕ ಬರ್ತಾರ. ಮಂದಿ ಏನಂದಾರು?"

ಕರೆಂಟು ಹೋಗಿತ್ತು. ಪತ್ತಾರ ಹಳೆಯ ಕೈ ತಿದಿ ಹೊರಗೆ ತೆಗೆದ. ಅವನ ಎರಡೂ ಕೈಗೆ ಕೆಲಸವಿತ್ತು. "ಸಾಹೇಬ್ರ, ತುಸು ಗಾಳಿ ಹಾಕ್ತೀರೇನು?" ಎಂದ. ನಾನೇ ಕೂತು ತಿದಿ ಒತ್ತಿದೆ. ಮಹಾರಾಣಿ ಬೇಗ ಕರಗಿದಳು. ಸಂತ ಸ್ವಲ್ಪ ಹೊತ್ತು ತಡೆದ. "ಜೋರ ಒತ್ತರಿ," ಎಂದ ಪತ್ತಾರ. ಜೋರಾಗಿ ಒತ್ತಿದೆ.

ಇಬ್ಬರೂ ಸೇರಿ ಒಂದೇ ಪಾಟ್ಲಿಗೆ ಸಾಕಾದರು. ವಾರ ಬಿಟ್ಟು ಅದು ಬಂತು. ಮಹಾದೇವಿ ಬಲಗೈಗೆ ಹಾಕಿಕೊಂಡು, ಅಕ್ಕನಿಗೆ ತೋರಿಸಿ ಬರುತ್ತೇನೆ ಎಂದು ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋದಳು. ನನ್ನನ್ನು ಕರೆಯಲಿಲ್ಲ. ನಾನು ಹಿಂದಿನ ದಿನದ ಸಾರು ಬಿಸಿ ಮಾಡಿಕೊಂಡು, ರೊಟ್ಟಿ ಮುರಿದು ಹಾಕಿ, ಉಂಡು ಮಲಗಿದೆ.